ಚೌಕ ಕುಣಿ

ಮಣ್ಣಿಗೆಂದು ಬಂದ ನೆಂಟರು ಒಬ್ಬೊಬ್ಬರಾಗಿ ಕರಗಿದರು. ಕೊನೆಗೆ ಕಮತಗಿಯ ಸೋದರಮಾವನೂ ಬಸ್ಸು ಹತ್ತಿದ. ಮರುದಿನ ಬೆಳಿಗ್ಗೆ ಚೇತನಾಳ ಕಿವಿಗೆ ಬಿದ್ದ ಮೊದಲ ಸದ್ದು ಪಕ್ಕದ ಮನೆಯ ಮಗ್ಗದ್ದು. ಸಾವಿನ ಮನೆಯ ಮರ್ಯಾದೆಗೆಂದು ಓಣಿಯವರು ಮಗ್ಗ ನಿಲ್ಲಿಸಿದ್ದರು. ಈಗ ಲಾಳಿ ಮತ್ತೆ ಓಡತೊಡಗಿತ್ತು. ಇಳಕಲ್ಲಿನಲ್ಲಿ ಬೆಳಗಾಯಿತೆಂದರೆ ಹೀಗೆಯೇ. ನಲ್ಲಿಗೆ ನೀರು ಬಂತು, ಹಾಲಿನವನು ಬಂದು ಹೋದ. ಚೇತನಾ ಮುಖ ತೊಳೆದಳು, ಜಳಕ ಮಾಡಿದಳು, ಅವಲಕ್ಕಿ ತೋಯಿಸಿಟ್ಟಳು. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವಳು ಎಲ್ಲೋ ದೂರ ನಿಂತು ಅವನ್ನು ನೋಡುತ್ತಿದ್ದಳು.

ಗಂಡ ಶಿವಪುತ್ರ ಎದೆ ನೋಯುತ್ತದೆ ಎಂದು ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಅವಳು ಅತ್ತಿರಲಿಲ್ಲ. ಅಳದ ಸೊಸೆಯ ಬಗ್ಗೆ ಹೆಂಗಸರು ಪಿಸುಗುಟ್ಟಿದ್ದೂ ಅವಳಿಗೆ ಕೇಳಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಓದಿದವಳು, ಕಲಿತವರು ಹೀಗೇ ಇರುತ್ತಾರೆ ಎಂದು ಯಾರೋ ಸಮಾಧಾನ ಹೇಳಿದ್ದರು.

“ಪತ್ರ ಬಂತೇನ, ಚೇತನಾ?”

ಕೇಳಿದವಳು ಆಯಿ. ಶಿವಪುತ್ರನ ತಂದೆಯ ತಾಯಿ, ಯಮನವ್ವ. ಎಂಬತ್ತು ದಾಟಿದ ಜೀವ, ಹೊಸ್ತಿಲ ಪಕ್ಕದ ಕಂಬಕ್ಕೆ ಒರಗಿ ಕೂತಿತ್ತು.

ಅತ್ತೆ ನಾಗರತ್ನಾ ಒಲೆಯ ಮುಂದಿನಿಂದಲೇ ತಿರುಗಿದರು. “ಅತ್ತಿ, ಇದೇನ ಕೇಳೂ ಹೊತ್ತೇನ್ರಿ? ಅವನ ಮ್ಯಾಲಿನ ಮಣ್ಣ ಇನ್ನೂ ಹಸಿ ಐತಿ.”

“ಹಸಿ ಐತಿ ಅಂತನ ಕೇಳಾಕತ್ತೇನಿ. ಮೊಮ್ಮಗನ ಮಣ್ಣ ಈ ಕಣ್ಣಿಲೇ ನೋಡಿದೆ. ನಮ್ಮಪ್ಪಗ ಮಣ್ಣ ಸಿಕ್ಕತೋ ಇಲ್ಲೋ ಇನ್ನೂ ಗೊತ್ತಾಗಲಿಲ್ಲ. ಹುಡಕತೇನಿ ಆಯಿ ಅಂದಿದ್ದ ಹುಡುಗ. ಈಗ ನಾ ಯಾರನ್ನ ಕೇಳಲಿ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಬಡಿಯತೊಡಗಿದರು.

ಆಯಿಯ ಅಪ್ಪ ಈರಪ್ಪ. ಲಿಂಗವಂತ ನೇಕಾರರ ಮನೆತನ. ಎರಡನೆಯ ಮಹಾಯುದ್ಧದ ಕಾಲಕ್ಕೆ ನೂಲು ಸಿಗದೆ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದಾಗ, ತೊಟ್ಟಿಲಲ್ಲಿದ್ದ ಮಗಳನ್ನು ನೋಡಿ ಪಲ್ಟನ್ ಸೇರಿದ್ದ. ಇಟಲಿಯಿಂದ ಅವನು ಸತ್ತ ತಂತಿ ಬಂತು. ದೇಹ ಬರಲಿಲ್ಲ. ಹಿರಿಯರ ಹಬ್ಬಕ್ಕೆ ಉಳಿದವರೆಲ್ಲ ತಮ್ಮ ತಮ್ಮವರ ಸಮಾಧಿಗೆ ಎಡೆ ಒಯ್ಯುವಾಗ, ಈರಪ್ಪನ ಹೆಂಡತಿ ಎಡೆ ಮಾಡಿ ಬಾಗಿಲಲ್ಲಿ ಕೂತುಬಿಡುತ್ತಿದ್ದಳಂತೆ, ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ. ಅಲ್ಲಿ ಸುಟ್ಟಿರುತ್ತಾರೆ, ಪಲ್ಟನ್ನಿನಲ್ಲಿ ಎಲ್ಲರನ್ನೂ ಸುಡುತ್ತಾರೆ ಎಂದು ಓಣಿಯವರು ಅನ್ನುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದವನನ್ನು ಕೂತಂತೆ ಕೂಡಿಸಿ ಮಣ್ಣು ಕೊಡಬೇಕು. ಬೆಂಕಿಗೆ ಕೊಟ್ಟರೆಂಬ ಮಾತನ್ನು ಆ ತಾಯಿ ಸಾಯುವ ತನಕ ನುಂಗಿಕೊಂಡಿದ್ದಳು. ಅವಳ ನಂತರ ಮಗಳು ನುಂಗಿಕೊಂಡು ಬಂದಿದ್ದಳು.

ಮಧ್ಯಾಹ್ನ ಚೇತನಾ ಗಂಡನ ಲ್ಯಾಪ್‌ಟಾಪ್ ತೆರೆದಳು. ಆಯಿಯ ಮೇಲಿನ ಕರುಣೆಯಿಂದಲ್ಲ. ಕೂತು ಮಾಡುವ ಕೆಲಸವೊಂದು ಬೇಕಾಗಿತ್ತು, ಅಷ್ಟೆ.

ಮುತ್ತಜ್ಜನ ಕಾಗದಗಳನ್ನೆಲ್ಲ ಶಿವಪುತ್ರ ಅದರಲ್ಲಿ ಒಂದೆಡೆ ಇಟ್ಟಿದ್ದ. ಬಾಗಲಕೋಟೆಯ ಮಾಜಿ ಸೈನಿಕರ ಕಚೇರಿಯಿಂದ ತಂದ ನಕಲುಗಳು, ಅವನಿದ್ದ ಕಂಪನಿಯ ಯುದ್ಧದ ದಿನಚರಿ, ಒಂದು ನಕಾಶೆ. ಈರಪ್ಪ ಬಂದೂಕಿನ ಸಿಪಾಯಿಯಾಗಿರಲಿಲ್ಲ, ರಸ್ತೆ ಸೇತುವೆ ಕಟ್ಟುವ ಇಂಜಿನಿಯರ್ ದಳದವನಾಗಿದ್ದ. ಇನ್ನೊಂದು ಹಾಳೆಯನ್ನು ಶಿವಪುತ್ರ ಬೇರೆಯಾಗಿ ಇಟ್ಟಿದ್ದ. ಇಟಲಿಯ ಒಂದು ಸ್ಮಾರಕದ ಹೆಸರುಗಳ ಪಟ್ಟಿ ಅದು. ದಹನ ಮಾಡಲಾದ ಹಿಂದೂ ಸೈನಿಕರ ಸ್ಮಾರಕ. ಅದರಲ್ಲಿ ಈರಪ್ಪನ ಹೆಸರಿತ್ತು.

ಅವನಿಗೆ ಇದು ಮಳೆಗಾಲದಿಂದಲೇ ಗೊತ್ತಿತ್ತು. ದಿನವೂ ಆಯಿಯ ಪಕ್ಕ ಕೂತು ಊಟ ಮಾಡುತ್ತಿದ್ದ, ಹುಡುಕುತ್ತಿದ್ದೇನೆ ಎನ್ನುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಒಪ್ಪಲಾರದೆ ಅವನು ಯುದ್ಧದ ಸಮಾಧಿಗಳನ್ನು ನೋಡಿಕೊಳ್ಳುವ ವಿದೇಶದ ಕಚೇರಿಗೆ ಮತ್ತೊಂದು ಮನವಿ ಕಳಿಸಿದ್ದ. ಆ ಪ್ರದೇಶದಲ್ಲಿ ಸಿಕ್ಕ, ಗುರುತು ಹತ್ತದ ದೇಹಗಳ ವಿವರವೇನಾದರೂ ಉಳಿದಿದೆಯೇ ಎಂದು ಕೇಳಿದ್ದ. ಅದಕ್ಕೆ ಇಮೇಲಿನಲ್ಲಿ ಉತ್ತರ ಬಂದಿತ್ತು. ಅವನನ್ನು ಮಣ್ಣು ಮಾಡಿದ ಸಂಜೆಯೇ ಬಂದಿತ್ತು. ಮಾಸಿದ ಟೈಪಿನ ಅಕ್ಷರ, ಎಲ್ಲವೂ ಮಿಲಿಟರಿ ಸಂಕ್ಷೇಪ. ಚೇತನಾಳಿಗೆ ತಲೆಬುಡ ಹತ್ತಲಿಲ್ಲ. ಗಂಡನ ಫೋನಿನಲ್ಲಿ ‘ಬದಾಮಿ ಸುಬೇದಾರ’ ಎಂಬ ಹೆಸರಿತ್ತು. ಅದನ್ನು ಒತ್ತಿದಳು.

“ಏನಪಾ ಶಿವಪುತ್ರ, ಸುದ್ದಿನ ಇಲ್ಲ. ಮುತ್ಯಾನ್ನ ಬಿಟ್ಟ ಹೇಣ್ತಿ ಕಡೆ ಲಕ್ಷ್ಯ ಕೊಡಾಕತ್ತಿಯೇನ?” ಆ ಕಡೆಯ ದನಿ ನಗುತ್ತಿತ್ತು.

“ನಾ ಅವರ ಹೇಣ್ತಿರಿ,” ಎಂದಳು ಚೇತನಾ. ಮುಂದಿನದನ್ನೂ ಅದೇ ದನಿಯಲ್ಲಿ ಹೇಳಿದಳು.

ಆ ಕಡೆಯ ನಗೆ ನಿಂತಿತು. ಆಮೇಲೆ, “ಕಾಗದ ತಗೊಂಡ ಬಾ ತಂಗಿ. ಅವನ ಒಂದ ಸಾಮಾನೂ ನನ್ನ ಕಡೆ ಐತಿ,” ಎಂದಿತು ದನಿ.

ಊರು ಬಿಟ್ಟು ಹೊರಡುವ ಮಾತಿಗೆ ಅತ್ತೆ ಒಪ್ಪಲಿಲ್ಲ. “ನಿನ್ನೆ ಮೊನ್ನೆ ಗಂಡನ್ನ ಕಳಕೊಂಡಾಕಿ ಬಸ್ಸ ಹತ್ತಿದ್ರ ಮಂದಿ ಏನಂದಾರು?”

“ನಮಗೆಲ್ಲಿ ಸೂತಕ ಐತಿ ನಾಗರತ್ನಾ?” ಎಂದಳು ಆಯಿ. “ಲಿಂಗಾ ಕಟ್ಟಿದವರಿಗೆ ಸೂತಕ ಇಲ್ಲಂತ ಸೋಮವಾರ ಸೋಮವಾರ ಮಠದಾಗ ಹಾಡತೀದಿ. ಬರೇ ಹಾಡಾಕಷ್ಟನ ಏನದು?”

ಅತ್ತೆ ರೊಟ್ಟಿ ಕಟ್ಟಿಕೊಟ್ಟರು.

ಉತ್ತರದ ಪ್ರಿಂಟ್ ಹಿಡಿದು, ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಚೇತನಾ ಬದಾಮಿ ಮುಟ್ಟಿದಾಗ ಬಿಸಿಲು ಏರಿತ್ತು. ನಿವೃತ್ತ ಸುಬೇದಾರ ತುಕಾರಾಮರ ಮನೆ ಗುಡ್ಡದ ಬುಡದಲ್ಲಿ, ಮಂಗಗಳ ಹಾವಳಿಗೆ ಕಿಟಕಿಗೆಲ್ಲ ಜಾಳಿಗೆ ಬಡಿದಿದ್ದರು. ಅವರ ಹೆಂಡತಿ ಇಂದ್ರಾಬಾಯಿ ಚೇತನಾಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು, ಏನನ್ನೂ ಕೇಳದೆ ಚಹಾ ತಂದಿಟ್ಟರು. ಸುಬೇದಾರರು ಕನ್ನಡಕ ಒರೆಸಿಕೊಂಡು ಹಾಳೆಯ ಮೇಲೆ ಬೆರಳು ಓಡಿಸಿದರು.

“ಲಡಾಯಿ ಮುಗಿದ ಮ್ಯಾಲೆ ಅಲ್ಲಲ್ಲೆ ಹುಗದವರನ್ನ ತಗದು ಒಂದ ಕಡೆ ಸೇರಿಸ್ಯಾರ. ಅದರ ವರದಿ ಇದು. ಒಂದೊಂದ ಸಾಲಿಗೆ ಒಬ್ಬೊಬ್ಬಾವ.” ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಇದೇ ಊರು. ಇದೇ ಹಳ್ಳದ ದಂಡಿ. ದಿನಚರಿ ಪ್ರಕಾರ ಈ ಕಂಪನೀದು ಆ ಸೇತುವಿ ಹತ್ರ ಸತ್ತಾವ ಒಬ್ಬನ, ನಿಮ್ಮ ಮುತ್ಯಾ. ಇಲ್ಲೆ ಹೆಸರಿಲ್ಲ ನೋಡು. ಓದತೇನಿ ಕೇಳು.”

ಅವರು ಇಂಗ್ಲಿಷನ್ನು ಒಂದೊಂದೇ ತುಂಡಾಗಿ ಕನ್ನಡಕ್ಕೆ ಇಳಿಸಿದರು. ಗುರುತು ಹತ್ತದ ಭಾರತೀಯ ಸೈನಿಕ. ಇಂಜಿನಿಯರ್ ದಳದ ಬಿಲ್ಲೆ. ಕುಣಿ ಆಳವಾಗಿದೆ, ಉದ್ದವಿಲ್ಲ, ಚೌಕವಾಗಿದೆ. ಸುತ್ತ ಬೂದಿ. ದೇಹ ಕೂತ ಭಂಗಿಯಲ್ಲಿದೆ, ಕಾಲು ಮಡಚಿದೆ. ಎಡಗೈಯಲ್ಲಿ ಕರಿಯ, ದುಂಡನೆಯ ಸಣ್ಣ ವಸ್ತು, ಬಹುಶಃ ಕಲ್ಲು. ಅದನ್ನು ದೇಹದೊಂದಿಗೇ ಮರಳಿ ಇಡಲಾಗಿದೆ. ಕಂದಕದಲ್ಲಿ ಕೂತಿದ್ದಾಗ ಶೆಲ್ ಸಿಡಿದು ಹೂತುಹೋದಂತೆ ತೋರುತ್ತದೆ.

ಸುಬೇದಾರರು ಕನ್ನಡಕ ತೆಗೆದರು. “ಮೋರ್ಚಾದಾಗ ಕುಂತಲ್ಲೇ ಹ್ವಾದ, ಪಾಪ. ಹಿಂಗ ಆಗತೈತಿ ತಂಗಿ, ನಾನೂ ಕಂಡೇನಿ. ಕೈಯಾಗ ಸಿಕ್ಕ ಕಲ್ಲ ಗಟ್ಟಿ ಹಿಡಕೊಂಡಿರಬೇಕು.”

ಚೇತನಾಳ ಕಣ್ಣ ಮುಂದೆ ಇಳಕಲ್ಲಿನ ಹೊರವಲಯದ ಆ ಕೆಂಪು ಕುಣಿ ಬಂದು ನಿಂತಿತ್ತು. ಚೌಕವಾದ ಕುಣಿ. ಬಟ್ಟೆಯಲ್ಲಿ ಹಿಡಿದು ಶಿವಪುತ್ರನನ್ನು ಇಳಿಸಿದ್ದರು. ಗೋಡೆಗೆ ಒರಗಿಸಿ, ಕಾಲು ಮಡಚಿ, ಪದ್ಮಾಸನಕ್ಕೆ ಕೂಡಿಸಿದ್ದರು. ಜಂಗಮರು ಕೊರಳಿನ ಲಿಂಗ ಬಿಚ್ಚಿ ಎಡಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದ್ದರು. ಮೈಮೇಲೆ ವಿಭೂತಿ ಸುರಿದಿದ್ದರು. ಅಂಚಿನಲ್ಲಿ ನಿಂತು ಅವಳು ನೋಡಿದ್ದಳು. ಏನೂ ಅನ್ನಿಸಿರಲಿಲ್ಲ.

ಈಗ ಅವಳ ಮುಂಗೈಯ ಕೂದಲು ನಿಂತವು.

“ಅದು ಮೋರ್ಚಾ ಅಲ್ಲರಿ ಕಾಕಾ.”

“ಅಂದ್ರ?”

“ಕೂಡಿಸ್ಯಾರ್ರಿ ಅವರನ್ನ. ನಮ್ಮೊಳಗ ಹಂಗ ಕೂಡಿಸತಾರ. ಅದು ಕಲ್ಲಲ್ಲ, ಲಿಂಗ. ಎಡಗೈಯಾಗ ಇಡತಾರ. ಬೂದಿ ಅಂತ ಬರದಾರಲ್ಲ, ಅದು ವಿಭೂತಿ.” ಅವಳು ತನ್ನ ಎಡಗೈ ಚಾಚಿ ತೋರಿಸಿದಳು. “ನಾ ಮೊನ್ನೆ ನೋಡೇನಿ.”

ಸುಬೇದಾರರು ಮತ್ತೆ ಹಾಳೆ ನೋಡಿದರು, ಅವಳ ಅಂಗೈ ನೋಡಿದರು. ಅಡಿಗೆ ಮನೆಯಿಂದ ಇಂದ್ರಾಬಾಯಿ ಬಂದು ಬಾಗಿಲಲ್ಲಿ ನಿಂತರು.

“ಹೆಸರ ನೋಡಿ ಹಿಂದೂ ಅಂತ ಬರದಾರ,” ಎಂದರು ಸುಬೇದಾರರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಹಿಂದೂ ಅಂದಮ್ಯಾಲೆ ಸುಟ್ಟಾರಂತ ಬರದಾರ. ಇಲ್ಲೆ ಕುಂತಾವಗ ಹೆಸರಿಲ್ಲ, ಅಲ್ಲೆ ಹೆಸರಿಗೆ ಮೈ ಇಲ್ಲ. ಇಷ್ಟ ವರ್ಷ.”

“ಆ ಕಂಪನ್ಯಾಗ ಮತ್ತ್ಯಾರರ ನಮ್ಮವರು ಇದ್ರೇನ್ರಿ?”

“ಇರಲಿಲ್ಲ. ನಾನೂ ನಿನ್ನ ಗಂಡನೂ ಕೂಡಿ ಎಲ್ಲಾ ಹೆಸರ ಜಾಲಿಸೇವಿ. ಮರಾಠರು, ಮುಸಲ್ಮಾನರು, ಸಿಖ್ಖರು. ಲಿಂಗವಂತ ಇವನೊಬ್ಬನ.”

ಹಾಗಾದರೆ ಕೂಡಿಸಿದವರು ಯಾರು? ಇಬ್ಬರ ಮನಸ್ಸಿನಲ್ಲೂ ಅದೇ ಪ್ರಶ್ನೆ. ಗುಂಡು ಹಾರುವ ಹಳ್ಳದ ದಂಡೆಯಲ್ಲಿ, ಹಿಮ ಬಿದ್ದು ಕಲ್ಲಾದ ನೆಲದಲ್ಲಿ, ಮೈ ಚಾಚಿ ಮಲಗಿಸುವಷ್ಟು ತೋಡಿದ್ದರೆ ಸಾಕಿತ್ತು. ಯಾರೋ ನಿಂತು ಆಳಕ್ಕೆ, ಚೌಕಕ್ಕೆ ತೋಡಿದ್ದರು. ಲಿಂಗವನ್ನು ಯಾವ ಕೈಯಲ್ಲಿಡಬೇಕೆಂಬುದೂ ತೋಡಿದವರಿಗೆ ಗೊತ್ತಿತ್ತು. ಚೇತನಾ ಬೊಟ್ಟಿನಿಂದ ಆ ಸಾಲನ್ನು ಮುಟ್ಟಿದಳು. ಸಸ್ಯಶಾಸ್ತ್ರ ಓದುವಾಗ ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಜೀವಕೋಶವೊಂದು ಒಡೆದು ಎರಡಾಗುವುದನ್ನು ಕಂಡ ದಿನ ಹೀಗೆ ಉಸಿರು ಹಿಡಿದಿದ್ದಳು. ಆಮೇಲೆ ಇವತ್ತೇ.

ಸುಬೇದಾರರು ಒಳಗೆ ಹೋಗಿ ಗೋಣಿತಾಟಿನಲ್ಲಿ ಸುತ್ತಿದ ವಸ್ತುವೊಂದನ್ನು ತಂದರು. ಗೇಣುದ್ದದ ಕಬ್ಬಿಣದ ಅಲಗಿಗೆ ಗಿಡ್ಡ ಕಾವು ಹಾಕಿದ, ಸೊಂಟಕ್ಕೆ ಸಿಗಿಸಿಕೊಳ್ಳುವಂಥ ಮಿಲಿಟರಿ ಗುದ್ದಲಿ. ಸವೆದು ಬಾಯಿ ಓರೆಯಾಗಿತ್ತು.

“ಹುನಗುಂದದ್ದು. ಅದೇ ಕಂಪನ್ಯಾಗಿದ್ದ ರಾಜೇಸಾಬ ಅನ್ನಾವಂದು. ಅವನ ಮರಿಮಗ ಆಸಿಫ ಅಂತ ಅದಾನ, ಅವನ ಕಡೆಯಿಂದ ನಿನ್ನ ಗಂಡ ಕಡಾ ಇಸಗೊಂಡ ಬಂದಿದ್ದ, ಗುರುತು ನೋಡ್ರಿ ಕಾಕಾ ಅಂತ. ಇದೇ ಕಂಪನೀದು ಹೌದು, ಮುದ್ರಿ ಐತಿ. ಅವರಿಗೆ ಮುಟ್ಟಿಸಿಬಿಡು ತಂಗಿ.”

ಮನೆಗೆ ಬಂದು ಆಯಿಗೆ ಎಲ್ಲವನ್ನೂ ಹೇಳಿದಳು. ಸ್ಮಾರಕದ ಪಟ್ಟಿಯನ್ನೂ ಮುಚ್ಚಿಡಲಿಲ್ಲ. ಆಯಿ ಅಡ್ಡ ಮಾತಾಡದೆ ಕೇಳಿದಳು.

“ಎಡಗೈಯಾಗನ ಇತ್ತಂತ?”

“ಎಡಗೈಯಾಗ.”

“ಕಾಲ ಮಡಚಿ ಕುಂತಿದ್ನಂತ?”

“ಹೂಂ ಆಯಿ.”

ಆಯಿ ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಪಕ್ಕದ ಮಗ್ಗದ ಸದ್ದು ನಿಂತು ಮತ್ತೆ ಶುರುವಾಯಿತು. “ಯಾರ ಕೂಡಿಸಿದ್ರು?”

“ಗೊತ್ತಿಲ್ಲ. ಹುನಗುಂದಕ್ಕ ಹೋಗಿ ಇದನ್ನ ಕೊಟ್ಟು ಬರತೇನಿ. ಅವರಿಗೇನರ ತಿಳಿದಿದ್ರ ಕೇಳತೇನಿ.”

“ನಾನೂ ಬರತೇನಿ.”

“ಬಸ್ಸಿನ್ಯಾಗ ಆಗೂದಿಲ್ಲ ನಿಮಗ.”

“ಅಂವ ಇಟಲಿ ತನಕ ಹೋದ. ನನಗ ಹುನಗುಂದ ಆಗೂದಿಲ್ಲೇನ?”

ಆಸಿಫನ ಮನೆ ಹುನಗುಂದದ ಕೋರ್ಟಿನ ಹಿಂದಿನ ಓಣಿಯಲ್ಲಿತ್ತು. ಶಿವಪುತ್ರನ ಸುದ್ದಿ ಕೇಳಿ ಆಸಿಫ ಬಾಗಿಲಲ್ಲೇ ತಲೆ ತಗ್ಗಿಸಿದ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ. “ವಾರದಾಗ ಕೊಡತೇನಿ ಅಂದಿದ್ರು. ಬರಲಿಲ್ಲಂತ ಮನಸಿನ್ಯಾಗ ಬೈಕೊಂಡಿದ್ದೆ ಅಕ್ಕಾರ. ತಪ್ಪಾತು.” ಅವನ ತಾಯಿ ಯಾಸ್ಮೀನ ಆಯಿಗೆ ಕುರ್ಚಿ ಹಾಕಿದರು. ಶಿವಪುತ್ರ ಬಂದಾಗ ಆಕೆ ಮಗಳ ಬಾಣಂತನಕ್ಕೆಂದು ಬೇರೆ ಊರಿನಲ್ಲಿದ್ದರಂತೆ.

“ಯಾರ ಸಲುವಾಗಿ ಒಯ್ದಾರಂತ ಈ ಹುಡುಗಗ ಕೇಳಿದ್ರ, ಯಾರೋ ಇಳಕಲ್ಲಿನವರು ಅಂತಾನ. ಅಷ್ಟ ಜ್ಞಾನ. ನಿಮ್ಮ ಪೈಕಿ ಯಾರಿದ್ರಮ್ಮಾ ಪಲ್ಟನ್ನಿನ್ಯಾಗ?”

“ನಮ್ಮಪ್ಪ. ಈರಪ್ಪ.”

ಯಾಸ್ಮೀನ ನೀರಿನ ತಂಬಿಗೆಯನ್ನು ಹಾಗೇ ಕೆಳಗಿಟ್ಟರು. “ಮಗ್ಗದ ಈರ್ಯಾ?”

ಆಯಿ ಕುರ್ಚಿಯಿಂದ ಮುಂದೆ ಬಾಗಿದಳು.

“ನಮ್ಮಜ್ಜ ಹಂಗ ಅಂತಿದ್ದ,” ಎಂದರು ಯಾಸ್ಮೀನ. “ನಾ ಅಜ್ಜನ ತೊಡಿ ಮ್ಯಾಲೆ ಬೆಳದಾಕಿ. ಹಿತ್ತಲದಾಗ ಬಾಳಿ ಹಚ್ಚಾಕ ಈ ಗುದ್ದಲಿ ಹಿಡದಾಗೆಲ್ಲ ಒಂದ ಕತಿ ಹೇಳತಿದ್ದ. ಬೇಕಂದ್ರ ಹೇಳತೇನಿ, ಬ್ಯಾಡಂದ್ರ ಬಿಡ್ರಿ.”

“ಹೇಳವ್ವಾ,” ಎಂದಳು ಆಯಿ.

“ಸೇತುವಿ ಕಟ್ಟೂವಾಗ ಈರ್ಯಾಗ ಗುಂಡ ಬಿತ್ತಂತ. ಸಾಹೇಬ ಬಂದು, ಕಟಗಿ ನೋಡ್ರಿ, ಸುಟ್ಟಬಿಡ್ರಿ ಅಂದ್ನಂತ. ನಮ್ಮಜ್ಜ ಅಡ್ಡ ನಿಂತ. ಇವರನ್ನ ಸುಡೂದಿಲ್ಲ ಸಾಹೇಬ, ಕೂಡಿಸಿ ಹುಗೀತಾರ ಅಂದ. ಹಂಗಾರ ನೀನ ತೋಡು, ಗಾಡಿ ಹೊರಡೂದರೊಳಗ ಮುಗಸು ಅಂದ ಸಾಹೇಬ. ನೆಲಾ ಬರಫ ಆಗಿತ್ತು. ಉದ್ದಕ ತೋಡಿದ್ರ ಲಗೂ ಆಗತಿತ್ತು. ಚೌಕ ತೋಡಾಕತ್ತಾನ ಅಂತ ಗೆಳ್ಯಾರು ನಗಾಕತ್ತಿದ್ರಂತ. ಏ ರಾಜ್ಯಾ, ಬಾವಿ ತೋಡತೀಯೇನ ಲೇ, ನೀರ ಹತ್ತೇತೇನ ನೋಡು ಅಂತ.”

ಯಾಸ್ಮೀನ ಸ್ವಲ್ಪ ನಕ್ಕರು. ಆಯಿಯ ಮುಖದಲ್ಲೂ ನಗೆಯಂಥದ್ದೊಂದು ಬಂದು ಹೋಯಿತು.

“ಅವನಿಗೆ ಹೆಂಗ ಗೊತ್ತಿತ್ರಿ?” ಕೇಳಿದಳು ಚೇತನಾ.

“ನಮ್ಮ ಹಳೀ ಮನಿ ಲಿಂಗವಂತರ ರುದ್ರಭೂಮಿ ಗ್ವಾಡಿಗೆ ಹತ್ತಿನ ಇತ್ತು. ಸಣ್ಣವಿದ್ದಾಗ ಗ್ವಾಡಿ ಹತ್ತಿ ಕುಂತು ನೋಡತಿದ್ನಂತ. ಕೊಳ್ಳಾಗಿಂದು ಬಿಚ್ಚಿ ಎಡಗೈಯಾಗ ಇಡೂದು ನೋಡಿದ್ದ. ವಿಭೂತಿ ಎಲ್ಲಿಂದ ತರೂದು? ಅಡಿಗಿ ಒಲ್ಯಾಗಿಂದು ಬೂದಿ ತಂದು ಅರಬ್ಯಾಗ ಸೋಸಿ ಹಾಕಿದ. ಮಂತ್ರ ಬರತಿರಲಿಲ್ಲ. ಏನ ಅಂದಿ ಅಜ್ಜಾ ಅಂತ ನಾ ಕೇಳತಿದ್ದೆ. ಈರ್ಯಾ, ಇದು ಇಳಕಲ್ ಮಣ್ಣ ಅಲ್ಲೋ, ಆದ್ರ ಮಣ್ಣ ಹೌದು, ಆರಾಮ ಕುಂದರು ಅಂದೆ ಅಂತಿದ್ದ.”

ಆಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಕೈ ಇಳಿಸಿ ಕೇಳಿದಳು. “ತಿರುಗಿ ಬಂದ ಮ್ಯಾಲೆ ನಮಗ ಯಾಕ ಹೇಳಲಿಲ್ಲವ್ವಾ ಅಂವ?”

ಯಾಸ್ಮೀನ ಮಗನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. “ಬಂದಿದ್ನಮ್ಮಾ. ಊರಿಗೆ ಬಂದ ವಾರದಾಗ ಇಳಕಲ್ಲಿಗೆ ಹೋಗಿದ್ದ. ನೀವೂ ನಿಮ್ಮ ತಾಯೇರೂ ಆವಾಗ ಕಮತಗಿ ತವರಮನ್ಯಾಗ ಇದ್ರಂತ. ಈರ್ಯಾನ ಅಣ್ಣ ಇದ್ರು. ಕಟ್ಟಿ ಮ್ಯಾಲೆ ಕೂಡಿಸಿ ನೀರ ಕೊಟ್ರಂತ, ಎಲ್ಲಾ ಕೇಳಿದ್ರಂತ. ಲಿಂಗಾ ಯಾರ ಮುಟ್ಟಿ ಇಟ್ರು ಅಂತ ಕೇಳಿದ್ರು. ನಾನ ಅಂದ. ಅವರು ಎದ್ದ ನಿಂತ್ರು. ಈ ಮಾತ ಹೆಣ್ಮಕ್ಕಳ ತನಕ ಹೋಗಬಾರದು, ಮೈ ಸಿಗಲಿಲ್ಲಂತ ನಾವ ತಿಳಕೊಂತೇವಿ, ನನಗ ಭಾಷಾ ಕೊಡು ಅಂದ್ರು. ಅಜ್ಜ ಕೊಟ್ಟು ಬಂದ.”

ಓಣಿಯಲ್ಲಿ ಸೊಪ್ಪಿನ ಗಾಡಿಯವನು ಕೂಗುತ್ತ ಹೋದ.

“ನಮ್ಮ ದೊಡ್ಡಪ್ಪ,” ಎಂದಳು ಆಯಿ. “ಒಂದ ದಿನಾ ಪೂಜಿ ತಪ್ಪಿಸಿದವನಲ್ಲ. ನಮ್ಮವ್ವ ಅವನ ಕಣ್ಣ ಮುಂದನ ಎಡಿ ಹಿಡಕೊಂಡು ಕುಂದರತಿದ್ಲು. ಅವನಿಗೆ ಗೊತ್ತಿತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತುಂಬ ದೂರ ನಡೆದು ಬಂದವರ ದಣಿವಿತ್ತು. “ಗೊತ್ತಿದ್ದೂ ಉಣತಿದ್ದ.”

ಯಾಸ್ಮೀನ ಎದ್ದು ಬಂದು ಆಯಿಯ ಕಾಲಬಳಿ ಕೂತರು. “ನಾ ಹೇಳಬಾರದಿತ್ತೇನಮ್ಮಾ?”

“ಹೇಳಿದ್ದ ಬರೋಬರಿ ಆತು.” ಆಯಿ ಆಕೆಯ ತಲೆಯ ಮೇಲೆ ಕೈಯಿಟ್ಟಳು. “ನಮ್ಮಪ್ಪಗ ಮಣ್ಣ ಕೊಟ್ಟ ಕೈ ನಿಮ್ಮಜ್ಜಂದು. ಅದಕ್ಕಿಂತ ನನಗೇನ ಬೇಕು? ಇನ್ನ ನಾ ಎಲ್ಲಾರ ಮುಂದ ಹೇಳತೇನಿ. ಮಠದಾಗೂ ಹೇಳತೇನಿ.”

ಚೇತನಾ ಗೋಣಿತಾಟು ಬಿಚ್ಚಿದಳು. ಆಯಿ ಗುದ್ದಲಿಯ ಸವೆದ ಅಂಚಿನ ಮೇಲೆ ಬೆರಳಾಡಿಸಿದಳು.

“ಇದರಲೇ ಏನವ್ವಾ?”

“ಇದರಲೇನ.”

“ಇಷ್ಟ ಸಣ್ಣದು,” ಎಂದಳು ಆಯಿ.

ಚೇತನಾ ಅದನ್ನು ಎತ್ತಿಕೊಂಡಳು. ಬದಾಮಿಯಿಂದ ಇಳಕಲ್ಲಿಗೆ, ಇಳಕಲ್ಲಿನಿಂದ ಇಲ್ಲಿಗೆ ಹೊತ್ತು ತಂದಿದ್ದಳು, ಹೊತ್ತದ್ದು ಗೊತ್ತಾಗಿರಲಿಲ್ಲ. ಈಗ ಭಾರ ತಿಳಿಯಿತು. ಅಂಗೈಗೆ, ಮೊಣಕೈಗೆ, ಭುಜಕ್ಕೆ ತಿಳಿಯಿತು. ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ನೀವ ಇಟಗೋರಿ ಇದನ್ನ,” ಎಂದರು ಯಾಸ್ಮೀನ. “ನಿಮಗ ಸೇರಬೇಕಾದ್ದು.”

“ಇಲ್ರಿ ಅಕ್ಕಾರ.” ದನಿ ಒಡೆಯಿತು, ಚೇತನಾ ನಿಲ್ಲಿಸಿ ಮತ್ತೆ ಹೇಳಿದಳು. “ಅವರು ಕಡಾ ಒಯ್ದಿದ್ರು. ವಾರದಾಗ ಕೊಡತೇನಿ ಅಂದಿದ್ರು. ಸ್ವಲ್ಪ ತಡಾ ಆತು.”

ಎರಡೂ ಕೈಗಳಿಂದ ಅದನ್ನು ಮುಂದೆ ಹಿಡಿದಳು. ಯಾಸ್ಮೀನ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಎರಡೂ ಕೈ ಚಾಚಿ ಇಸಿದುಕೊಂಡರು.